ಮಧ್ಯಾಹ್ನದ ರೈಲು ಚಿತ್ರಗಳು ಮಸುಕಾಗುತ್ತಿವೆ: ದೋಷ ಲೆನ್ಸಿನದೇ?

ಪ್ರಶ್ನೆ (ಕಲಬುರಗಿ):
ನಮಸ್ಕಾರ. ಕಳೆದ ವಾರ ಮಧ್ಯಾಹ್ನ ಎರಡರ ಸುಮಾರಿಗೆ ನಮ್ಮ ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಶಹಾಬಾದ್ ಕಡೆಯಿಂದ ಬರುತ್ತಿದ್ದ ಗಾಡಿಯ ಡಬ್ಲ್ಯುಎಪಿ-7 ವಿದ್ಯುತ್ ಎಂಜಿನ್ನನ್ನು 70-300 ಮಿ.ಮೀ. ಲೆನ್ಸಿನಿಂದ, ಜೂಮನ್ನು 300ಕ್ಕೆ ಎಳೆದು ತೆಗೆದೆ. ಶಟರ್ 1/1000 ಸೆಕೆಂಡ್, ಅಪರ್ಚರ್ (ಬೆಳಕಿನ ಕಿಂಡಿ) ಎಫ್/8. ಆದರೂ ಎಂಜಿನ್ನಿನ ಸಂಖ್ಯೆ ಓದಲು ಬರುತ್ತಿಲ್ಲ. ವಿದ್ಯುತ್ ಕಂಬಗಳು ನೀರಿನೊಳಗಿನಿಂದ ಕಂಡಂತೆ ಬಳುಕಿವೆ. ಇದೇ ಲೆನ್ಸಿನ ಜನವರಿಯ ಚಿತ್ರಗಳು ಚೊಕ್ಕವಾಗಿದ್ದವು. ದುರಸ್ತಿ ಮಾಡುವವರೊಬ್ಬರು ಒಳಗಿನ ಗಾಜು ಜರುಗಿರಬೇಕು, ಬಿಚ್ಚಿ ಕೂರಿಸೋಣ ಎನ್ನುತ್ತಿದ್ದಾರೆ. ಕೊಡಲೇ?

ಉತ್ತರ:
ದಯವಿಟ್ಟು ಲೆನ್ಸನ್ನು ಬಿಚ್ಚಿಸಬೇಡಿ. ಗಾಜು ಜರುಗಿದ್ದರೆ ಮಸುಕು ಎಲ್ಲ ಚಿತ್ರಗಳಲ್ಲಿಯೂ ಒಂದೇ ಬಗೆಯಲ್ಲಿ ಇರುತ್ತಿತ್ತು, ಕಂಬಗಳು ಬಳುಕುತ್ತಿರಲಿಲ್ಲ. ಗಾಡಿಯ ಓಟವೂ ಕಾರಣವಲ್ಲ, ಏಕೆಂದರೆ ಗಂಟೆಗೆ 100 ಕಿ.ಮೀ. ವೇಗದ ಗಾಡಿ ಕೂಡ 1/1000 ಸೆಕೆಂಡಿನಲ್ಲಿ ಮೂರು ಸೆಂ.ಮೀ.ಗಿಂತ ಕಡಿಮೆ ಸರಿಯುತ್ತದೆ, ಅದೂ ನಿಮ್ಮ ಕಡೆಗೇ.

ನಿಮ್ಮ ಚಿತ್ರವನ್ನು ಕೆಡಿಸಿರುವುದು ನಮ್ಮ ಬೇಸಿಗೆ. 40 ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಹಳಿ ಮತ್ತು ಜಲ್ಲಿಕಲ್ಲುಗಳು ಗಾಳಿಗಿಂತ ಎಷ್ಟೋ ಹೆಚ್ಚು ಕಾಯ್ದಿರುತ್ತವೆ. ಅವುಗಳನ್ನು ತಾಗಿ ಮೇಲೇಳುವ ಬಿಸಿಗಾಳಿಯ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ತಂಪುಗಾಳಿಯದಕ್ಕಿಂತ ಕಡಿಮೆ. ವ್ಯತ್ಯಾಸ ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಒಂದು ಪಾಲಿನಷ್ಟೇ ಆದರೂ, ಬೆಳಕು ಇಂತಹ ಸುಳಿಗಳನ್ನು ಅರ್ಧ ಕಿಲೋಮೀಟರ್ ದೂರ ಒಂದರ ಹಿಂದೊಂದು ಹಾಯ್ದು ಬರುವಾಗ ಹಲವು ಬಾರಿ ಬಾಗುತ್ತದೆ. ಬಿಸಿಲ್ಗುದುರೆಯೂ ಇದೇ ಗಾಳಿಯ ಕೆಲಸ. ನೇರ ಹಳಿಯ ಮೇಲೆ ಎದುರಿನಿಂದ ಬರುವ ಗಾಡಿಯನ್ನು ತೆಗೆಯುವಾಗ ನಮ್ಮ ದೃಷ್ಟಿರೇಖೆ ಉದ್ದಕ್ಕೂ ಕಾಯ್ದ ಹಳಿಯ ಮೇಲೆಯೇ ಸಾಗುವುದರಿಂದ, ಇದಕ್ಕಿಂತ ಕೆಟ್ಟ ಕೋನ ಇನ್ನೊಂದಿಲ್ಲ.

ಖಚಿತಪಡಿಸಿಕೊಳ್ಳಲು ಬೆಳಿಗ್ಗೆ ಆರೂವರೆಯ ಹೊತ್ತಿಗೆ ಇಪ್ಪತ್ತು ಅಡಿ ದೂರದ ಒಂದು ನಾಮಫಲಕವನ್ನು 300ರಲ್ಲಿಯೇ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ತೆಗೆಯಿರಿ. ಅಕ್ಷರಗಳ ಅಂಚು ಚೂಪಾಗಿದ್ದರೆ ಲೆನ್ಸ್ ಆರೋಗ್ಯವಾಗಿದೆ.

ಪ್ರಶ್ನೆ ಕೇಳಿದವರು:
ಪರೀಕ್ಷಿಸಿದೆ, ಅಕ್ಷರಗಳು ಕೊರೆದಂತಿವೆ. ಮನಸ್ಸು ಹಗುರಾಯಿತು, ತುಂಬ ಧನ್ಯವಾದಗಳು. ಆದರೆ ಬೆಳಿಗ್ಗೆ ಆಗ್ನೇಯದ ಶಹಾಬಾದ್ ಕಡೆಯಿಂದ ಬರುವ ಗಾಡಿಗಳ ಮುಖ ನೆರಳಿನಲ್ಲಿರುತ್ತದೆ. ಶಟರ್ ವೇಗವನ್ನು 1/4000ಕ್ಕೆ ಏರಿಸಿದರೆ ಮಧ್ಯಾಹ್ನವೇ ತೆಗೆಯಬಹುದೇ?

ಉತ್ತರ:
ಶಟರ್ ವೇಗದಿಂದ ಇದು ಗುಣವಾಗುವುದಿಲ್ಲ; ಬಳುಕಿದ ಆ ಕ್ಷಣವನ್ನೇ ಅದು ಹೆಪ್ಪುಗಟ್ಟಿಸಿ ಕೊಡುತ್ತದೆ. ಕಂಪ್ಯೂಟರಿನಲ್ಲಿ ಶಾರ್ಪ್‌ನೆಸ್ ಏರಿಸಿದರೆ ಬಳುಕು ಇನ್ನಷ್ಟು ಎದ್ದು ಕಾಣುತ್ತದೆ.

ಬೆಳಿಗ್ಗೆ ಎದುರು ದಿಕ್ಕಿನ, ಅಂದರೆ ಸೊಲ್ಲಾಪುರ ಕಡೆಯಿಂದ ಬರುವ ಗಾಡಿಗಳನ್ನು ಆರಿಸಿಕೊಳ್ಳಿ. ಶಹಾಬಾದ್ ಕಡೆಯವಕ್ಕೆ ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಹೋಗಿ: ಆಗ ನೆಲದ ಉಷ್ಣಾಂಶ ಇಳಿದು ಗಾಳಿಯದಕ್ಕೆ ಸಮೀಪಿಸುವುದರಿಂದ ಗಾಳಿ ಬಹುಮಟ್ಟಿಗೆ ಶಾಂತವಾಗುತ್ತದೆ, ಪಡುವಣದ ಬೆಳಕು ಎಂಜಿನ್ನಿನ ಮುಖಕ್ಕೂ ಬೀಳುತ್ತದೆ. ಮೋಡ ಕವಿದ ದಿನವೂ ಒಳ್ಳೆಯದೇ.

ಮಧ್ಯಾಹ್ನವೇ ತೆಗೆಯಬೇಕಾದಲ್ಲಿ ಗಾಡಿ ಹತ್ತಿರ ಬರುವವರೆಗೆ ಕಾಯ್ದು, ಜೂಮನ್ನು 100 ಮಿ.ಮೀ. ಒಳಗಿಟ್ಟು ತೆಗೆಯಿರಿ, ನಡುವಿನ ಗಾಳಿ ಕಡಿಮೆಯಾದಷ್ಟೂ ಚಿತ್ರ ತಿಳಿಯಾಗುತ್ತದೆ. ಪಾದಚಾರಿ ಮೇಲ್ಸೇತುವೆಯಿಂದಲೂ ಸ್ವಲ್ಪ ಅನುಕೂಲವಿದೆ, ಏಕೆಂದರೆ ದೃಷ್ಟಿರೇಖೆ ಹಳಿಯಿಂದ ಮೇಲೇಳುತ್ತದೆ. ಆದರೆ ಹತ್ತಿರ ಸಿಗಲೆಂದು ಪ್ಲಾಟ್‌ಫಾರ್ಮಿನ ಇಳಿಜಾರು ದಾಟಿ ಹಳಿಯ ಪಕ್ಕಕ್ಕೆ ಇಳಿಯಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅತಿಕ್ರಮ ಪ್ರವೇಶ ಅಪರಾಧ. ಮೇಲ್ಸೇತುವೆಯಿಂದ ಸ್ಟ್ಯಾಂಡನ್ನಾಗಲಿ, ಸೆಲ್ಫಿ ಕೋಲನ್ನಾಗಲಿ ಹೊರಚಾಚಬೇಡಿ. ಕೆಳಗಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟದೆಯೂ ಅದು ಹಾರಿ ಹಿಡಿಯಬಲ್ಲದು.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಆರಕ್ಕೆ ಹೋಗಿದ್ದೆ. ಅದೇ ಲೆನ್ಸ್, ಅದೇ 300. ಐದಂಕಿಯ ಎಂಜಿನ್ ಸಂಖ್ಯೆಯನ್ನು ಪೂರ್ತಿ ಓದಬಹುದು. ದುರಸ್ತಿಯವರಿಗೆ ಬೇಡವೆಂದು ಹೇಳಿದ್ದೇನೆ.