ಹತ್ತನೇ ಕ್ಲಾಸಿಗೆ ಹೊಸದಾಗಿ ವಸತಿ ಶಾಲೆ: ಸೇರಿಸಿದವರು ಅನುಭವ ಹೇಳಿ

ತಿಪಟೂರಿನ ಅಮ್ಮ
ಮಗ ಒಂಬತ್ತನೇ ಕ್ಲಾಸ್ ಮುಗಿಸಿದ್ದಾನೆ. ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಓದಿಗೆ ಕೂರಿಸುವವರು ಮನೆಯಲ್ಲಿ ಇಲ್ಲ. ಹತ್ತಕ್ಕೆ ಮಾತ್ರ ವಸತಿ ಶಾಲೆಗೆ ಹಾಕೋಣ ಅಂತಿದ್ದೇವೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ಯಾವ ಕಡೆಯಾದರೂ ಸರಿ. ಹೀಗೆ ಕೊನೇ ವರ್ಷಕ್ಕೆ ಸೇರಿಸಿದವರು ಇದ್ದೀರಾ? ಹುಡುಗ ಸ್ವಲ್ಪ ಸಂಕೋಚದವನು.

ಶಿರಾ ಗೇಟ್ ಅಪ್ಪ
ನಾನು ಮಗಳನ್ನು ಸೇರಿಸಿದ್ದೆ. ಕೇಳಿ ನನ್ನ ಕಥೆ. ಫೀಸು 1,40,000 ಅಂದರು, ಸರಿ ಅಂದೆ. ಆಮೇಲೆ ಕಾಷನ್ ಡೆಪಾಸಿಟ್ 15,000. ಯೂನಿಫಾರ್ಮ್ ಅವರ ಅಂಗಡಿಯಲ್ಲೇ ತಗೋಬೇಕು, 6,400. ಟ್ರಂಕು 2,200, ಹಾಸಿಗೆ 1,600. 'ಇತರೆ' ಅಂತ 12,000. ಯಾವುದು ಇತರೆ ಅಂತ ಕೇಳಿದರೆ ಅಕೌಂಟ್ಸ್ ಹುಡುಗಿ ನಗುತ್ತಾಳೆ. ಇಷ್ಟೆಲ್ಲ ಕಟ್ಟಿ ಮುಗಿದ ಮೇಲೆ ನಮ್ಮ ಹುಡುಗಿಯ ಪ್ರಥಮ ಭಾಷೆ ಸಂಸ್ಕೃತ, ಅಲ್ಲಿ ಸಂಸ್ಕೃತ ಮೇಷ್ಟ್ರೇ ಇಲ್ಲ ಅಂತ ಗೊತ್ತಾಯಿತು. 'ಕನ್ನಡ ತಗೊಳ್ಳಲಿ ಬಿಡಿ' ಅಂದರು. 125 ಅಂಕದ ಪೇಪರು ಸ್ವಾಮಿ, ಹತ್ತನೇ ಕ್ಲಾಸಲ್ಲಿ ಬದಲಾಯಿಸೋಕೆ ಅದೇನು ಬಸ್ ಸೀಟಾ? ಕೊನೆಗೆ ಭಾನುವಾರ ಟ್ಯೂಷನ್ ಮೇಷ್ಟ್ರನ್ನು ನಾನೇ ಕಾರಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವರ ಫೀಸು ಬೇರೆ, ಪೆಟ್ರೋಲು ಬೇರೆ, ಗೇಟಲ್ಲಿ ವಾಚ್‌ಮನ್ ಮುಖ ಬೇರೆ.

ಚಿಂತಾಮಣಿ ತಾಯಿ
ಸ್ಟೇಟ್ ಆಗಿದ್ದಕ್ಕೆ ನಿಮಗೆ ಸೀಟಾದರೂ ಸಿಕ್ಕಿತು. ನಾವು ಸಿಬಿಎಸ್‌ಇ ಕಡೆ ಹೋಗಿದ್ವಿ. ಅಲ್ಲಿ ಒಂಬತ್ತು, ಹತ್ತು ಎರಡೂ ಸೇರಿ ಒಂದೇ ಕೋರ್ಸು, ರಿಜಿಸ್ಟ್ರೇಷನ್ ಒಂಬತ್ತರಲ್ಲೇ ಆಗಿಹೋಗಿರುತ್ತೆ. ಸ್ಟೇಟಿನಿಂದ ನೇರ ಹತ್ತಕ್ಕೆ ಬಿಟ್ಟುಕೊಳ್ಳುವುದಿಲ್ಲ. ಇದು ಗೊತ್ತಿದ್ದೂ ಒಂದು ಶಾಲೆಯವರು ಅರ್ಜಿ ಫಾರಂಗೆ 1,500, ಟೆಸ್ಟಿಗೆ 1,000 ತಗೊಂಡು, ಆಮೇಲೆ 'ರೂಲ್ಸ್ ಇಲ್ಲ ಮೇಡಂ' ಅಂದರು. ನಾವು ಜಗ್ಗಲಿಲ್ಲ. ಮಗನನ್ನು ಒಂಬತ್ತಕ್ಕೇ ಮತ್ತೆ ಸೇರಿಸಿದ್ವಿ. ನೆಂಟರೆಲ್ಲ 'ಫೇಲಾದನಾ' ಅಂತ ಕೇಳಿದರು. ಈಗ ಪಿಯುಸಿಯಲ್ಲಿ ಅವನೇ ಕ್ಲಾಸಿಗೆ ಮುಂದೆ. ಒಂದು ವರ್ಷ ಹೋದರೆ ಆಕಾಶವೇನೂ ಬೀಳಲಿಲ್ಲ.

ಶಿರಾ ಗೇಟ್ ಅಪ್ಪ
ಅಂದರೆ ಒಂದು ವರ್ಷದ ಫೀಸು ಜಾಸ್ತಿ ಕಟ್ಟಿದಿರಿ. ಅದನ್ನೂ ಹೇಳಿ.

ಚಿಂತಾಮಣಿ ತಾಯಿ
ಕಟ್ಟಿದ್ದು ನಮ್ಮ ದುಡ್ಡು. ಮೇಷ್ಟ್ರನ್ನು ಕಾರಲ್ಲಿ ಹೊತ್ತುಕೊಂಡು ತಿರುಗಿದ್ದಕ್ಕಿಂತ ವಾಸಿ.

ಹಳೇ ಹಾಸ್ಟೆಲ್ ಹುಡುಗ
ಲಕ್ಷ ಲಕ್ಷ ಅಂತ ಓದಿ ನಗು ಬರುತ್ತೆ. ನಾನು ಸಿದ್ಧಗಂಗಾ ಮಠದಲ್ಲಿ ಓದಿದವನು. ಬೆಳಗ್ಗೆ ಎದ್ದು ಪ್ರಾರ್ಥನೆ, ಸಾವಿರಾರು ಮಕ್ಕಳ ಜೊತೆ ಸಾಲಲ್ಲಿ ಕೂತು ಊಟ. ನಮ್ಮಪ್ಪ ಕೊಟ್ಟಿದ್ದು ಒಂದು ತಟ್ಟೆ, ಒಂದು ಲೋಟ, ಒಂದು ಕಬ್ಬಿಣದ ಪೆಟ್ಟಿಗೆ. 2019ರ ಜನವರಿ 21ಕ್ಕೆ ದೊಡ್ಡ ಬುದ್ಧಿಯವರು, ಅಂದರೆ ಶಿವಕುಮಾರ ಸ್ವಾಮೀಜಿ, ಹೋದಾಗ ಕ್ಯಾತ್ಸಂದ್ರದ ರಸ್ತೆಯಲ್ಲಿ ನಿಂತಿದ್ದವರಲ್ಲಿ ಅರ್ಧ ಜನ ನನ್ನಂಥವರೇ. ದುಡ್ಡು ಕೊಟ್ಟರೆ ಶಿಸ್ತು ಬರುತ್ತಾ?

ಬಾಗೇಪಲ್ಲಿ ಅಕ್ಕ
ಅಣ್ಣ, ನೀವು ಯಾವ ಕ್ಲಾಸಲ್ಲಿ ಸೇರಿದ್ರಿ? ಅವರು ಕೇಳುತ್ತಿರುವುದು ಹತ್ತಕ್ಕೆ. ಸುಮ್ನೆ ಮಠ ಮಠ ಅಂದರೆ ಆಯ್ತಾ? ನವೋದಯ ಆರಕ್ಕೆ ತಗೊಳ್ಳುತ್ತೆ, ಸೀಟು ಖಾಲಿ ಇದ್ದರೆ ಒಂಬತ್ತಕ್ಕೆ, ಹನ್ನೊಂದಕ್ಕೆ. ಹತ್ತು ಇಲ್ಲವೇ ಇಲ್ಲ. ಮೊರಾರ್ಜಿ ವಸತಿ ಶಾಲೆಗೂ ಪರೀಕ್ಷೆ ಆರನೇ ಕ್ಲಾಸಿಗೆ. ಉಳಿಯುವುದು ಪ್ರೈವೇಟೇ. ಅಲ್ಲೂ 'ನಮ್ಮ ರಿಸಲ್ಟು ಕೆಡುತ್ತೆ' ಅಂತ ಮಕ್ಕಳನ್ನು ಸೋಸುತ್ತಾರೆ. ನನ್ನ ತಮ್ಮನ ಮಗನಿಗೆ ಟೆಸ್ಟಲ್ಲಿ ಗಣಿತ ಕಮ್ಮಿ ಬಂತು, 'ಡೊನೇಷನ್ ಕೊಟ್ಟರೆ ನೋಡೋಣ' ಅಂದರು. ದುಡ್ಡು ಕೊಟ್ಟ ಕೂಡಲೇ ಗಣಿತ ಸುಧಾರಿಸಿತು ನೋಡಿ!

ಹಳೇ ಹಾಸ್ಟೆಲ್ ಹುಡುಗ
ಎಂಟಕ್ಕೆ ಸೇರಿದ್ದು. ಅದಕ್ಕೇನೀಗ?

ಮುಳಬಾಗಿಲು ಮೇಷ್ಟ್ರು
ಜಗಳ ಆಮೇಲೆ ಆಡಿ. ನಾನು ಹೈಸ್ಕೂಲಲ್ಲಿ ಪಾಠ ಮಾಡಿ ನಿವೃತ್ತನಾದವನು. ಹತ್ತಕ್ಕೆ ಹೊಸದಾಗಿ ಬಂದ ಮಕ್ಕಳಲ್ಲಿ ಬಹಳ ಜನ ಜೂನ್, ಜುಲೈ ಪೂರ್ತಿ ಅಳುವುದರಲ್ಲೇ ಕಳೆಯುತ್ತಾರೆ. ಆಗಸ್ಟಿಗೆ ಸರಿಹೋಗುತ್ತಾರೆ, ಅಷ್ಟರಲ್ಲಿ ಕಿರುಪರೀಕ್ಷೆ ಶುರು. ಆಂತರಿಕ ಅಂಕಕ್ಕೆ ಅವೂ ಲೆಕ್ಕ, ಪ್ರಥಮ ಭಾಷೆಗೆ 25, ಉಳಿದ ವಿಷಯಕ್ಕೆ ತಲಾ 20. ಒಟ್ಟು 625ರಲ್ಲಿ ಇವನ್ನು ಬಿಟ್ಟುಕೊಡಬೇಡಿ. 2024ರಲ್ಲಿ ಪರೀಕ್ಷೆ ಒಂದು, ಎರಡು, ಮೂರು ಅಂತ ಬಂದಿತ್ತು, ಮತ್ತೆ ಬರೆಯಬಹುದು ಅನ್ನೋ ಧೈರ್ಯದಲ್ಲಿ ಕೂರಬೇಡಿ. ಮನೆಯಲ್ಲೇ ಇರಲಿ ಹುಡುಗ.

ಶಿರಾ ಗೇಟ್ ಅಪ್ಪ
ಮೇಷ್ಟ್ರೇ, ಮನೆಯಲ್ಲಿ ಕೂರಿಸುವವರಿಲ್ಲ ಅಂತಲೇ ಅವರು ಕೇಳಿದ್ದು. ಸರ್ಕಾರಿ ಸಂಬಳದಲ್ಲಿ ಐದು ಗಂಟೆಗೆ ಮನೆಗೆ ಬಂದವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು.

ಮುಳಬಾಗಿಲು ಮೇಷ್ಟ್ರು
ಐದು ಗಂಟೆಗಾ? ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಯಾರು ಬರೆದರು, ನಿಮ್ಮ ಕಾರಾ?

ಪಾವಗಡದವನು
ಎಲ್ಲರೂ ಫೀಸು, ಅಂಕ ಅಂತೀರಿ. ನೀರು ಯಾರೂ ಕೇಳಲಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್, ಕೋಲಾರ ಚಿಕ್ಕಬಳ್ಳಾಪುರದಲ್ಲೂ ಅದೇ ಗೋಳು. ಆರೋಗ್ಯ ಕೆಟ್ಟ ಮೇಲೆ 600 ಬಂದರೇನು? ಆರ್‌ಓ ಘಟಕ ಇದೆ ಅಂತ ತೋರಿಸುತ್ತಾರೆ, ಅದು ನಡೀತಿದೆಯಾ ಅಂತ ಕೊಳಾಯಿ ತಿರುಗಿಸಿ ನೋಡಿ. ಆಮೇಲೆ ಕಜ್ಜಿ. ನನ್ನ ಮಗನಿಗೆ ಬೆರಳ ಸಂದಿಯಲ್ಲಿ ಶುರುವಾಗಿ ಸೊಂಟದ ಸುತ್ತ ಹಬ್ಬಿತು, ರಾತ್ರಿಯೆಲ್ಲ ಕೆರೆತ. ಡಾಕ್ಟರು ಪರ್ಮೆಥ್ರಿನ್ ಕ್ರೀಮು ಕೊಟ್ಟು, ರೂಮಿನವರೆಲ್ಲ ಒಂದೇ ದಿನ ಹಚ್ಚಬೇಕು, ಬೆಡ್‌ಶೀಟು ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು ಅಂದರು. ವಾರ್ಡನ್ನು 'ನಿಮ್ಮ ಹುಡುಗನಿಗೆ ಮಾತ್ರ ಹಚ್ಚಿ' ಅಂದರು. ಮತ್ತೆ ಬಂತು. ಮನೆಗೆ ಬಂದಾಗ ತಂಗಿಗೂ ಅಂಟಿತು.

ಹಳೇ ಹಾಸ್ಟೆಲ್ ಹುಡುಗ
ಕಜ್ಜಿ ಬರದೆ ಹಾಸ್ಟೆಲಲ್ಲಿ ಓದಿದವನು ಯಾರಿದ್ದಾನೆ?

ಪಾವಗಡದವನು
ಅದನ್ನೇ ಹೆಮ್ಮೆ ಅಂತ ಹೇಳ್ಕೊಳ್ಳಿ.

ತಿಪಟೂರಿನ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಟಿಸಿ ಮೊದಲೇ ತೆಗೆದಿಟ್ಟುಕೊಳ್ಳಬೇಕಾ?

ಬಾಗೇಪಲ್ಲಿ ಅಕ್ಕ
ಬೇಡ! ಹೊಸ ಶಾಲೆ ಸೀಟು ಬರವಣಿಗೆಯಲ್ಲಿ ಕೊಡಲಿ, ಆಮೇಲೆ ಟಿಸಿ. ಸ್ಯಾಟ್ಸ್ ನಂಬರು, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಹುಡುಗನ ನಂಬರು, ಹಳೇ ಶಾಲೆ ಬಿಟ್ಟುಕೊಡದಿದ್ದರೆ ಪರೀಕ್ಷೆಗೆ ಹೆಸರು ಕೂರಿಸೋಕೂ ಒದ್ದಾಟ. ಬಾಕಿ ಫೀಸಿದ್ದರೆ ಮೊದಲು ಚುಕ್ತಾ ಮಾಡಿ ರಶೀದಿ ತಗೊಳ್ಳಿ.

ಶಿರಾ ಗೇಟ್ ಅಪ್ಪ
ಪ್ರಥಮ ಭಾಷೆ ಯಾವುದು ಅಂತ ಇನ್ನೂ ಹೇಳಲಿಲ್ಲ ನೀವು.

ಚಿಂತಾಮಣಿ ತಾಯಿ
ಅವರು ಹೇಳಿದರೆ ಮತ್ತೆ ನಿಮ್ಮ ಸಂಸ್ಕೃತ ಮೇಷ್ಟ್ರ ಕಥೆ ಶುರುವಾಗುತ್ತೆ. ಅಮ್ಮ, ಕಾಷನ್ ಡೆಪಾಸಿಟ್ ವಾಪಸ್ ಕೊಡೋದು ಯಾವಾಗ ಅಂತ ಬರೆಸಿಕೊಳ್ಳಿ. ನಮಗೆ ಕಿಟಕಿ ಗಾಜು ಒಡೆದಿದೆ ಅಂತ 900 ಹಿಡಿದರು. ಮಗನ ರೂಮಿಗೆ ಗಾಜಿನ ಕಿಟಕಿಯೇ ಇರಲಿಲ್ಲ.

ಶಿರಾ ಗೇಟ್ ಅಪ್ಪ
ನಮ್ಮದು ಇನ್ನೂ ಬಂದೇ ಇಲ್ಲ. 15,000.