ಓದುಗರ ಸ್ಪಂದನ: ಬಯಕೆ ಅವಳದ್ದು, ಕ್ಯಾಮೆರಾ ಯಾರದ್ದು?

ಉಡುಪಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು: ‘ನನ್ನ ಕಿರುಚಿತ್ರದಲ್ಲಿ ಬೀಡಿ ಕಟ್ಟುವ ನಡುವಯಸ್ಸಿನ ಹೆಂಗಸು, ದುಬೈಯಿಂದ ರಜೆಗೆ ಬಂದ ಗಂಡನನ್ನು ತಾನಾಗಿ ಹತ್ತಿರಕ್ಕೆ ಕರೆಯುತ್ತಾಳೆ. ತೋರಿಸಿದರೆ ಅಗ್ಗವಾಗುತ್ತದೆ, ಬಿಟ್ಟರೆ ಚಿತ್ರವೇ ಇಲ್ಲ. ಹೇಗೆ ತೆಗೆಯಲಿ?’

*

ಕ್ಯಾಮೆರಾದ ಬಗ್ಗೆ ಕೇಳಿದ್ದೀರಿ, ನಟಿಯ ಬಗ್ಗೆ ಒಂದು ಸಾಲೂ ಇಲ್ಲ. ಓದಿ ಸುಮ್ಮನಿರಲು ಆಗಲಿಲ್ಲ. ‘ಇಬ್ಬರೂ ಹತ್ತಿರವಾಗುತ್ತಾರೆ’ ಎಂದಷ್ಟೇ ಬರೆದು, ಉಳಿದದ್ದನ್ನು ಸೆಟ್ಟಿನಲ್ಲಿ ನೋಡಿಕೊಳ್ಳೋಣ ಎನ್ನುವುದೇ ಎಲ್ಲ ರಗಳೆಯ ಮೂಲ. ಮೊದಲು ಯಾರ ಕೈ, ಎಲ್ಲಿಗೆ, ಎಲ್ಲಿ ನಿಲ್ಲುತ್ತದೆ – ಹೊಡೆದಾಟದ ದೃಶ್ಯಕ್ಕೆ ಬರೆಯುವ ಹಾಗೆ ಬರೆಯಿರಿ. ಮೈತುಂಬ ಬಟ್ಟೆಯಲ್ಲೇ ರಿಹರ್ಸಲ್ ಮಾಡಿ. ಏನು ಕಾಣಬಹುದು, ಯಾವುದು ಟ್ರೇಲರಿಗೆ, ಪೋಸ್ಟರಿಗೆ ಹೋಗಬಾರದು ಎಂಬುದಕ್ಕೆ ಮುಂಚೆಯೇ ಸಹಿ ಆಗಲಿ. ಸಹಿಯ ನಂತರವೂ ಆಕೆ ಕಡಿಮೆ ಮಾಡಬಹುದು, ನೀವು ಹೆಚ್ಚು ಕೇಳುವಂತಿಲ್ಲ.

ಕೋಣೆಯಲ್ಲಿ ನಿರ್ದೇಶಕ, ಕ್ಯಾಮೆರಾದವರು, ಫೋಕಸ್ ನೋಡುವವರು, ಬೂಮ್ (ಉದ್ದ ಕೋಲಿನ ಮೈಕ್) ಹಿಡಿಯುವವರು, ಉಡುಪಿನವಳು – ಐದು ಜನ ಸಾಕು. ಬಾಗಿಲು ಹಾಕಿ, ಅಂಗಳದ ಮಾನಿಟರ್ ಆರಿಸಲು ಮರೆಯುವುದು ಮಾಮೂಲು. ಮರೆತರೆ ಊಟ ಬಡಿಸುವವರೂ ನೋಡುತ್ತಾರೆ.

ಇನ್ನು ನಮ್ಮ ಕರಾವಳಿಯ ಸೆಕೆ. ಚರ್ಮದ ಬಣ್ಣದ ಒಳಉಡುಪಿನ ಟೇಪು ಬೆವರಿಗೂ ತೆಂಗಿನೆಣ್ಣೆಗೂ ನಿಲ್ಲುವುದಿಲ್ಲ. ಧ್ವನಿಗಾಗಿ ಫ್ಯಾನ್ ಆರಿಸಿದರಂತೂ ಬೇಗನೆ ಬಿಡುತ್ತದೆ. ಆಮೇಲೆ ನಟಿಯ ಗಮನವೆಲ್ಲ ಟೇಪಿನ ಮೇಲೆ. ಹಿಂದಿನ ದಿನ ಮೊಣಕೈ ಒಳಬದಿಗೆ ಒಂದು ತುಂಡು ಅಂಟಿಸಿ ತುರಿಕೆ ಬರುತ್ತದಾ ನೋಡಿ. ಶೂಟಿಂಗ್ ದಿನ ಎಣ್ಣೆ, ಲೋಶನ್ ಬೇಡ. ಸ್ಪಿರಿಟಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಇಬ್ಬರ ಸೊಂಟದ ನಡುವೆ ತೆಳು ದಿಂಬು. ‘ಕಟ್’ ಎಂದ ಕೂಡಲೇ ಹೊದಿಕೆ.
– ವಸ್ತ್ರವಿನ್ಯಾಸಕಿ, ಮಂಗಳೂರು

*

ಬೀಡಿ ಕಟ್ಟುವವಳೇ ಯಾಕೆ? ಡಾಕ್ಟರಮ್ಮನಿಗೆ ಬಯಕೆ ಇರುವುದಿಲ್ಲವೇ?
– ತೊಕ್ಕೊಟ್ಟು

(ಪ್ರಶ್ನೆ ಕೇಳಿದ ಉಡುಪಿಯ ಓದುಗರು ಆ ದೃಶ್ಯದ ಪುಟವನ್ನೂ ಕಳುಹಿಸಿದ್ದಾರೆ. ಗಂಡನಿಗೆ ಆರು ಮಾತುಗಳಿವೆ. ಅವಳಿಗೆ ಒಂದೂ ಇಲ್ಲ. – ಸಂ.)

*

ಬಾಗಿಲ ಸಂದಿಯಿಂದ, ದೂರದ್ದನ್ನು ಹತ್ತಿರ ತೋರಿಸುವ 85 ಎಂಎಂ ಲೆನ್ಸ್ ಇಟ್ಟರೆ ಪ್ರೇಕ್ಷಕ ಕದ್ದು ನೋಡುವವನಾಗುತ್ತಾನೆ. 35 ಅಥವಾ 50 ಎಂಎಂ ಸಾಕು, ಹಾಸಿಗೆಯಲ್ಲಿ ಅವಳ ಬದಿಗೆ, ಅವಳ ಕಣ್ಣಿನ ಎತ್ತರಕ್ಕೆ. ಸೊಂಟ, ಬೆನ್ನು ಎಂದು ಅವಳನ್ನು ತುಂಡುತುಂಡಾಗಿ ತೆಗೆಯಲೇ ಬೇಡಿ, ಇದ್ದರೆ ಎಡಿಟಿಂಗಿನಲ್ಲಿ ಯಾರಾದರೂ ಸೇರಿಸಿಯೇ ಸೇರಿಸುತ್ತಾರೆ. ಕ್ಲೋಸಪ್ ಬೇಕಿರುವುದು ಅವಳು ನೋಡುವುದರದ್ದು: ಅವನ ಕತ್ತಿನ ಬೆವರು, ನರೆತ ಕೂದಲು. ಅವಳ ಮುಖ, ಅವಳು ಕಂಡದ್ದು, ಮತ್ತೆ ಮುಖ. ಈ ಮೂರನೆಯ ಶಾಟ್ ಉದ್ದವಿರಲಿ. ನರಳಾಟವನ್ನು ಡಬ್ಬಿಂಗಿನಲ್ಲಿ ತುಂಬಬೇಡಿ, ಹೆಚ್ಚಿನವರು ಕೆಡಿಸುವುದೇ ಅಲ್ಲಿ. ಸೆಟ್ಟಿನಲ್ಲಿ ಸಿಕ್ಕಿದ ಉಸಿರೇ ಸಾಕು. ಹಂಚಿನ ಮನೆಯಾದರೆ ಮಳೆಗಾಲ ಬೇಡ, ಮಳೆಯ ಸದ್ದಿನಲ್ಲಿ ಉಸಿರು ಕೇಳಿಸುವುದಿಲ್ಲ.
– ಛಾಯಾಗ್ರಾಹಕ, ಮಣಿಪಾಲ

*

ನಮ್ಮದು ಅಳಿಯಸಂತಾನದ ಜಿಲ್ಲೆ. ಇಲ್ಲಿಯ ಹೆಂಗಸರಿಗೆ ಸ್ತ್ರೀವಾದವನ್ನು ಹೊರಗಿನಿಂದ ತರಬೇಕಿಲ್ಲ.
– ಕಾಪು

(ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ನಿಜ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿತ್ತು. – ಸಂ.)

*

ಸೆನ್ಸಾರ್ ಆಮೇಲಿನ ಮಾತು. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯ ನಂತರ ಯು/ಎ (ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡಬಹುದಾದ) ದರ್ಜೆ 7, 13, 16 ವರ್ಷ ಎಂದು ಮೂರಾಗಿದೆ, ಅಷ್ಟು ತಿಳಿದಿರಲಿ. ಚಿತ್ರೀಕರಣಕ್ಕೆ ಒಪ್ಪಿದವಳು ಹಂಚಿಕೆಗೂ ಒಪ್ಪಿದಳೆಂದಲ್ಲ. ಹೆಣ್ಣಿನ ಖಾಸಗಿ ಕ್ಷಣಗಳ ಚಿತ್ರದ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಈ ಎರಡನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಬಳಸದ ಫೂಟೇಜ್ ಯಾವ ಹಾರ್ಡ್ ಡಿಸ್ಕಿನಲ್ಲಿ, ಯಾರ ಬಳಿ ಇರುತ್ತದೆ, ಯಾವಾಗ ಅಳಿಸುತ್ತೀರಿ ಎಂಬುದು ಒಪ್ಪಂದದಲ್ಲಿರಲಿ. ತಂಡದಲ್ಲಿ ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ದೂರು ಹೋಗುವುದು ಜಿಲ್ಲೆಯ ಸ್ಥಳೀಯ ಸಮಿತಿಗೆ. ಇದನ್ನು ಮೊದಲ ದಿನವೇ ನಟಿಗೆ ತಿಳಿಸಿ.
– ವಕೀಲೆ, ಉಡುಪಿ