ಇಂಗ್ಲಿಷ್ ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಟೈಪ್ ಮಾಡೋದು ಹೇಗೆ?

ಶಾಸನದ_ಹುಡುಗಿ:
ಎಲ್ರಿಗೂ ನಮಸ್ಕಾರ. ಮಾನಸಗಂಗೋತ್ರೀಲಿ ಪಿಎಚ್‌ಡಿ ಮಾಡ್ತಿದೀನಿ, ಮಂಡ್ಯ ಜಿಲ್ಲೆ ಶಾಸನಗಳ ಮೇಲೆ, ಥೀಸಿಸ್ ಇಂಗ್ಲಿಷ್‌ನಲ್ಲಿ. ಊರಿನ ಹೆಸ್ರು, ಶಾಸನದ ಸಾಲು ಎಲ್ಲಾ ರೋಮನ್ ಲಿಪೀಲಿ ಹಾಕ್ಬೇಕು, ಡಯಾಕ್ರಿಟಿಕ್ಸ್ (ಅಕ್ಷರದ ಮೇಲೆ ಕೆಳಗೆ ಹಾಕೋ ಗೆರೆ, ಚುಕ್ಕಿ) ಇಲ್ದೆ ಒಂದು ಪೇಜೂ ನೋಡಲ್ಲ ಅಂತ ಗೈಡ್ ಸರ್ ಹೇಳಿದಾರೆ, ಅದು ಸರೀನೇ, ಸುಮ್ನೆ ಇಂಗ್ಲಿಷಲ್ಲಿ ಬರೆದ್ರೆ ಮೇಲುಕೋಟೆನ ಮೆಲುಕೊತೆ ಅಂತಾನೂ ಓದ್ಬೋದು. ಈಗ ವರ್ಡ್‌ನಲ್ಲಿ ಇನ್ಸರ್ಟ್ ಸಿಂಬಲ್‌ಗೆ ಹೋಗಿ ಒಂದೊಂದೇ ಹುಡುಕಿ ಹಾಕ್ತಿದೀನಿ, ಒಂದು ಪುಟ ಮುಗಿಯೋ ಅಷ್ಟರಲ್ಲಿ ಸಾಕಾಗತ್ತೆ. ಆಲ್ಟ್ ಒತ್ಕೊಂಡು ನಂಬರ್ ಹೊಡಿ ಅಂತ ಹಾಸ್ಟೆಲ್ ಫ್ರೆಂಡ್ ಹೇಳಿದ್ಲು, ಅದ್ರಲ್ಲಿ ಟಿ ಕೆಳಗಿನ ಚುಕ್ಕಿ ಸಿಗ್ತಿಲ್ಲ. ಪ್ರಿಂಟ್‌ಗೆ ಅಂಗಡೀಲಿ ಕೊಟ್ರೆ ಚುಕ್ಕಿ ಅಕ್ಷರ ಎಲ್ಲಾ ಖಾಲಿ ಚೌಕ ಆಗಿ ಬಂತು. ವಿಂಡೋಸ್ ಲ್ಯಾಪ್‌ಟಾಪ್.

ಒಂಟಿಕೊಪ್ಪಲ್_ಡಿಟಿಪಿ:
ಆಲ್ಟ್ ಕೋಡ್ ನಿಮ್ಮ ಕೆಲಸಕ್ಕೆ ಆಗಲ್ಲ ಮೇಡಂ. ಅದು ಹಳೇ 256 ಅಕ್ಷರದ ಪಟ್ಟಿ, ಫ್ರೆಂಚ್ ಇ ಮೇಲಿನ ಗೀಟಿಗೆ 0233, ಸ್ಪ್ಯಾನಿಶ್ ಎನ್ ಮೇಲಿನ ಅಲೆಗೆ 0241, ಡಿಗ್ರಿ ಗುರುತಿಗೆ 0176, ಇಂಥವು ಸಿಗತ್ತೆ, ನಮ್ಮ ಟ ಣ ಳ ಬರೆಯೋಕೆ ಬೇಕಾದ ಚುಕ್ಕಿ ಅದ್ರಲ್ಲಿ ಇಲ್ವೇ ಇಲ್ಲ. ವರ್ಡ್‌ನಲ್ಲಿ ಹೀಗ್ಮಾಡಿ. ಟಿ ಹೊಡೀರಿ, ಗ್ಯಾಪ್ ಬಿಡದೆ 0323 ಹೊಡೀರಿ, ಆಮೇಲೆ ಆಲ್ಟ್ ಎಕ್ಸ್ ಒಟ್ಟಿಗೆ ಒತ್ತಿ. ನಂಬರ್ ಮಾಯ ಆಗಿ ಟಿ ಕೆಳಗೆ ಚುಕ್ಕಿ ಕೂರತ್ತೆ. 0304 ಮೇಲಿನ ಗೆರೆ, 0331 ಕೆಳಗಿನ ಗೆರೆ, ಹಳಗನ್ನಡದ ಱ ೞ ಬಂದಾಗ ಈ ಕೆಳಗಿನ ಗೆರೆ ಬೇಕಾಗತ್ತೆ. ಇವೆಲ್ಲ ಯೂನಿಕೋಡ್ ನಂಬರ್, ಅಂದ್ರೆ ಯಾವ ಕಂಪ್ಯೂಟರಲ್ಲಾದ್ರೂ ಅದೇ ಗುರುತಿಗೆ ಅದೇ ನಂಬರ್. ಯಾರಾದ್ರೂ ಹಳೇ ಡಯಾಕ್ರಿಟಿಕ್ ಫಾಂಟ್ ಕೊಟ್ರೆ ದಯವಿಟ್ಟು ಮುಟ್ಬೇಡಿ, ಹಳೇ ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಫೈಲನ್ನ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ಓಪನ್ ಮಾಡಿದ್ರೆ ಅರ್ಥ ಆಗದ ಗುರುತುಗಳು ಬರತ್ತಲ್ಲ, ಅದೇ ಗತಿ.

ಶಾಸನದ_ಹುಡುಗಿ:
ಟಿ, ಎನ್, ಎಲ್ ಮೂರಕ್ಕೂ ಬಂತು ಸರ್, ತುಂಬಾ ಥ್ಯಾಂಕ್ಸ್! ಆದ್ರೆ ಡಿ ಮತ್ತೆ ಎ, ಇ ಜೊತೆ ಹೊಡೆದ್ರೆ ಅಕ್ಷರಾನೂ ಸೇರಿಸ್ಕೊಂಡು ಏನೋ ಚೌಕ ಬರ್ತಿದೆ.

ಒಂಟಿಕೊಪ್ಪಲ್_ಡಿಟಿಪಿ:
ಈ ನಂಬರ್‌ಗಳು ಹೆಕ್ಸ್, ಅಂದ್ರೆ ಹದಿನಾರರ ಲೆಕ್ಕದಲ್ಲಿರೋದು, ಅದ್ರಲ್ಲಿ ಎ ಇಂದ ಎಫ್ ವರೆಗೂ ಅಂಕಿಗಳೇ, ವರ್ಡ್ ನಿಮ್ಮ ಡಿ ನೂ ನಂಬರ್ ಅಂತ್ಲೇ ಓದ್ತಿದೆ. ಡಿ ಆದ್ಮೇಲೆ ಯು ಅಕ್ಷರ, ಪ್ಲಸ್ ಗುರುತು ಹಾಕಿ 0323 ಹೊಡೀರಿ, ಆಮೇಲೆ ಆಲ್ಟ್ ಎಕ್ಸ್. ಎ, ಇ ಗೂ ಹಾಗೇ, ಮೇಲೆ ಗೆರೆ ಬೇಕಾದ್ರೆ 0323 ಬದ್ಲು 0304.

ಪಾಂಡವಪುರದ_ಮೇಷ್ಟ್ರು:
ತಾಯಿ, ಶಾಸನದ ಸಾಲ್ನೆಲ್ಲ ಹಿಂಗೆ ಒಂದೊಂದೇ ಹೊಡ್ಕಂಡ್ ಕೂತ್ರೆ ಯಾವಾಗ ಮುಗ್ದದು? ಮೊದ್ಲು ಕನ್ನಡದಲ್ಲೇ ಟೈಪ್ ಮಾಡಿ, ಕೆ.ಪಿ. ರಾವ್ ಅವರ ಕೀಲಿಮಣೆ ನಿಮ್ ಕೈಗೆ ಕೂತೇ ಇರ್ತದೆ. ಆಮೇಲೆ ಅಕ್ಷರಮುಖ ಅಂತ ವೆಬ್‌ಸೈಟ್ ಅದೆ, ಅದುಕ್ಕೆ ಪೇಸ್ಟ್ ಮಾಡುದ್ರೆ ಗೆರೆ ಚುಕ್ಕಿ ಸಮೇತ ರೋಮನ್‌ಗೆ ಬತ್ತದೆ. ಒಂದು ಮಾತ್ರ ಗ್ಯಾನ ಮಡಿಕಳಿ, ಅಲ್ಲಿ ರೋಮನ್‌ಗೆ ಬರ್ಯೋ ಪದ್ಧತಿ ಆರಿಸ್ವಾಗ ಐಎಎಸ್‌ಟಿ ಆರಿಸ್ಬ್ಯಾಡಿ, ಐಎಸ್‌ಒ 15919 ಆರಿಸಿ. ಐಎಎಸ್‌ಟಿ ಸಂಸ್ಕೃತಕ್ಕೆ ಮಾಡಿದ್ದು, ಸಂಸ್ಕೃತದಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ, ಅದುಕ್ಕೇ ಅವು ದೀರ್ಘವಾದ್ರೂ ಮೇಲೆ ಗೆರೆ ಎಳಿಯಲ್ಲ. ನಮ್ಗೆ ಕೊಡು ಬೇರೆ ಕೋಡು ಬೇರೆ. ನೀವು ಹೇಳಿದ ಮೇಲುಕೋಟೇನೇ ತಗಳಿ, ಮೇ ಮೇಲೂ ಕೋ ಮೇಲೂ ಗೆರೆ ಬರ್ಬೇಕು, ಕೊನೇ ಟೆ ಮೇಲೆ ಬರ್ಬಾರ್ದು, ಅಲ್ಲಿ ಟಿ ಕೆಳುಗ್ ಚುಕ್ಕಿ ಅಷ್ಟೇ. ಅನುಸ್ವಾರಕ್ಕೂ ವ್ಯತ್ಯಾಸ ಅದೆ, ಐಎಸ್‌ಒನಲ್ಲಿ ಎಂ ಮೇಲೆ ಚುಕ್ಕಿ, ಐಎಎಸ್‌ಟಿನಲ್ಲಿ ಕೆಳಗೆ. ಎರಡನ್ನೂ ಬೆರೆಸಿದ್ರೆ ನಿಮ್ ಗೈಡು ಬುಡಾಕಿಲ್ಲ.

ಕುವೆಂಪುನಗರ_ಪ್ರೂಫ್:
ಖಾಲಿ ಚೌಕ ಬಂದಿದ್ದು ಆ ಅಂಗಡಿ ಕಂಪ್ಯೂಟರಲ್ಲಿ ನಿಮ್ಮ ಫಾಂಟ್ ಇರ್ಲಿಲ್ಲ ಅಂತ, ವರ್ಡ್ ಫೈಲ್ ಕೊಡೋ ಬದ್ಲು ನಿಮ್ಮ ಲ್ಯಾಪ್‌ಟಾಪಲ್ಲೇ ಪಿಡಿಎಫ್ ಮಾಡಿ ಕೊಡಿ, ಫಾಂಟ್ ಅದ್ರೊಳಗೇ ಹೋಗತ್ತೆ. ಇನ್ನೊಂದು ವಿಷ್ಯ ಯಾರೂ ಹೇಳಿಲ್ಲ. 0323 ಹಾಕಿ ಮಾಡಿದ ಟಿ ಒಳಗಡೆ ಎರಡು ಅಕ್ಷರ ಆಗಿರ್ಬೋದು, ಅಕ್ಷರಮುಖದಿಂದ ಬರೋದು ಒಂದೇ ಅಕ್ಷರ. ನೋಡೋಕೆ ಒಂದೇ ಥರ, ಆದ್ರೆ ಫೈಂಡ್ ಕೊಟ್ರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಸ್ಕೊಳ್ಳತ್ತೆ, ಕೊನೇಲಿ ಸ್ಥಳನಾಮದ ಸೂಚಿ ಮಾಡುವಾಗ ಅದು ತುಂಬಾ ಕಾಡತ್ತೆ. ಪದೇ ಪದೇ ಬರೋ ಊರಿನ ಹೆಸ್ರನ್ನ ಅಕ್ಷರಮುಖದಿಂದ ತಗೊಂಡು ವರ್ಡ್‌ನ ಆಟೋಕರೆಕ್ಟ್‌ಗೆ ಸೇರಿಸ್ಬಿಡಿ, ಸಾದಾ ಇಂಗ್ಲಿಷಲ್ಲಿ ಹೊಡೆದು ಸ್ಪೇಸ್ ಕೊಟ್ರೆ ಚುಕ್ಕಿ ಗೆರೆ ಹಾಕ್ಕೊಂಡು ಬರತ್ತೆ.